ಹದಿನಾರು ವರ್ಷ ಸ್ಯಾಕ್ಸೊಫೋನ್ ಊದಿದ್ದೇನೆ, ಜಾಝ್ ಜಾಮ್‌ನಲ್ಲಿ ಎರಡೇ ನಿಮಿಷಕ್ಕೆ ದಾರಿ ತಪ್ಪಿದೆ. ಸೋಲೊ ಕಲಿಯುವುದು ಎಲ್ಲಿಂದ?

ಬಂಟ್ವಾಳದ ಆಲ್ಟೊ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಬಂಟ್ವಾಳದ ಕಡೆಯವನು. ನಮ್ಮಲ್ಲಿ ಮದುವೆಯಾಗಲಿ, ಬ್ರಹ್ಮಕಲಶವಾಗಲಿ, ಸ್ಯಾಕ್ಸೊಫೋನ್ ಇಲ್ಲದೆ ಕಳೆ ಕಟ್ಟುವುದಿಲ್ಲ. ಕದ್ರಿ ಗೋಪಾಲನಾಥರು ನಮ್ಮ ತಾಲೂಕಿನವರೇ. ನನಗೆ ಹನ್ನೊಂದು ವರ್ಷ ಆದಾಗ ಅಪ್ಪ ಒಂದು ಹಳೇ ಆಲ್ಟೊ ಸ್ಯಾಕ್ಸೊಫೋನ್ ತಂದುಕೊಟ್ಟರು. ಅದರ ಒಂದು ಕೀಲಿಯ ಸ್ಪ್ರಿಂಗ್ ಹೋಗಿತ್ತು, ರಬ್ಬರ್ ಬ್ಯಾಂಡ್ ಸುತ್ತಿದ್ದರು. ಸರಳೆ, ಜಂಟಿ, ಅಲಂಕಾರ, ವರ್ಣ ಎಲ್ಲ ಆ ರಬ್ಬರ್ ಬ್ಯಾಂಡಿನ ಮೇಲೇ ಕಲಿತೆ. ಮೋಹನದಲ್ಲೋ ಹಿಂದೋಳದಲ್ಲೋ ಕಲ್ಪನಾಸ್ವರ (ಆ ಕ್ಷಣಕ್ಕೆ ಕಟ್ಟುವ ಸ್ವರಗಳು) ಹಾಕು ಅಂದರೆ ಈಗಲೂ ನಿದ್ದೆಯಲ್ಲೇ ಹಾಕುತ್ತೇನೆ. ಎಡುಪಿಗೆ, ಅಂದರೆ ಸಾಲು ಶುರುವಾಗುವ ಜಾಗಕ್ಕೆ, ಸರಿಯಾಗಿ ಬಂದು ನಿಲ್ಲುತ್ತೇನೆ. ಅಷ್ಟು ಧೈರ್ಯ ಇತ್ತು.

ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಕದ್ರಿಯವರೂ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರೂ ಸೇರಿ ಮಾಡಿದ 2008ರ 'ಕಿನ್ಸ್‌ಮೆನ್' ಆಲ್ಬಂ ಕೇಳಿದ ಮೇಲೆ ತಲೆ ಕೆಟ್ಟಿತು. ಎರಡೂ ಆಲ್ಟೊಗಳೇ, ಆದರೆ ಇಬ್ಬರು ಮಾತಾಡುವ ಭಾಷೆ ಬೇರೆ. ಅಲ್ಲಿಂದ ಜಾಝ್ ಆಲ್ಟೊದ ಚಾರ್ಲಿ ಪಾರ್ಕರ್, ಅಲ್ಲಿಂದ ಕ್ಯಾನನ್‌ಬಾಲ್ ಆ್ಯಡರ್ಲಿ. ಎರಡು ವರ್ಷ ಯೂಟ್ಯೂಬ್ ನೋಡಿ ಏಳೂ ಮೋಡ್‌ಗಳನ್ನು (ಒಂದೇ ಸ್ಕೇಲನ್ನು ಬೇರೆ ಬೇರೆ ಸ್ವರದಿಂದ ಶುರು ಮಾಡುವ ಬಗೆಗಳು) ಹನ್ನೆರಡು ಶ್ರುತಿಯಲ್ಲಿ ಉರು ಹೊಡೆದೆ. ಬಾಡಿಗೆ ಮನೆ, ಕೆಳಗಿನ ಮನೆ ಆಂಟಿ ಎರಡು ಸಲ ಮೇಲೆ ಬಂದು ಹೋದರು.

ಹೋದ ತಿಂಗಳು ಒಂದು ಪಬ್‌ನ ಜಾಮ್‌ಗೆ (ಬಂದವರೆಲ್ಲ ಸೇರಿ ನುಡಿಸುವ ಕೂಟ) ಹೋದೆ. 'ಆಟಮ್ ಲೀವ್ಸ್' ಹಿಡಿದರು. ನನಗೆ ಗೊತ್ತಿದ್ದ ಹಾಡು, ಖುಷಿಯಾಯಿತು. ಮೊಬೈಲ್‌ನಲ್ಲಿ ಸ್ವರಪಟ್ಟಿ ಇಟ್ಟುಕೊಂಡು ಜಿ ಮೈನರ್‌ನಲ್ಲಿ ಶುರು ಮಾಡಿದೆ. ಮಾರಾಯ್ರೆ, ಆ ಪಟ್ಟಿ ಪಿಯಾನೊದ್ದು. ಆಲ್ಟೊದಲ್ಲಿ ಜಿ ಊದಿದರೆ ಹೊರಗೆ ಕೇಳುವುದು ಬಿ ಫ್ಲಾಟ್. ಅವರೆಲ್ಲ ಒಂದು ಮನೆಯಲ್ಲಿ, ನಾನು ಪಕ್ಕದ ಬೀದಿಯಲ್ಲಿ. ಪಿಯಾನೊದವರು ತಲೆ ಎತ್ತಿ "ಇ ಮೈನರ್, ಇ ಮೈನರ್" ಅಂದರು. ಸರಿ, ಕಿವಿಯಲ್ಲೇ ಹಿಡಿದು ಇ ಮೈನರ್‌ಗೆ ಬಂದೆ. ನಂತರ ನನ್ನ ಲೆಕ್ಕದಲ್ಲಿ ಸಮ (ಸುತ್ತಿನ ಮೊದಲ ಏಟು) ಬಂತು ಅಂತ ಜೋರಾಗಿ ಮುಗಿಸಿದರೆ ಅವರ ಲೆಕ್ಕದಲ್ಲಿ ಇನ್ನೂ ಎರಡು ಬಾರ್ (ನಾಲ್ಕು ಏಟಿಗೆ ಒಂದು ಬಾರ್) ಬಾಕಿ! ಡ್ರಮ್ಸ್ ಹುಡುಗ ನಗುತ್ತಾ, ನಿಜವಾದ ಸಮ ಬಂದಾಗ ಸಿಂಬಲ್‌ಗೆ (ಡ್ರಮ್ಸ್ ಜೊತೆಗಿನ ಲೋಹದ ತಟ್ಟೆ) ಒಂದು ಕೊಟ್ಟ, 'ಇಲ್ಲಿದೆ ನೋಡಪ್ಪ' ಅನ್ನುವ ಹಾಗೆ. ಒಂದು ಟೇಬಲ್‌ನವರು ಚಪ್ಪಾಳೆ ತಟ್ಟಿದರು. ಅದು ಇನ್ನೂ ಕಷ್ಟ.

ಫೋನ್‌ನಲ್ಲಿ ರೆಕಾರ್ಡ್ ಮಾಡಿದ್ದೆ. ದಾರಿ ತಪ್ಪದ ಕಡೆ ಕೂಡ ಅದು ಸೋಲೊ (ಹಾಡಿನ ಮೇಲೆ ಒಬ್ಬರೇ ಆಗಲೇ ಕಟ್ಟಿ ಊದುವುದು) ಅಲ್ಲ, ಸರಳೆ ವರಸೆ. ತಪ್ಪು ಸ್ವರ ಇಲ್ಲ, ಆದರೆ ಏನೂ ಹೇಳುತ್ತಿಲ್ಲ. ನಮ್ಮ ಮನೋಧರ್ಮ (ರಾಗದಲ್ಲಿ ಆಗಲೇ ಕಟ್ಟಿ ನುಡಿಸುವುದು) ಇಲ್ಲಿ ಉಪಯೋಗಕ್ಕೆ ಬರುತ್ತದಾ, ಅಥವಾ ಅದೇ ಅಡ್ಡ ಬರುತ್ತಿದೆಯಾ? ಯಾರಾದರೂ ಈ ದಾರಿಯಲ್ಲಿ ನಡೆದವರು ಹೇಳಿ.

ಕೀಬೋರ್ಡ್ ತುಮಕೂರು:

ಬ್ರೋ, ಪ್ರತಿ ಕಾರ್ಡ್‌ಗೂ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಅದರದೇ ಮೋಡ್ ಹಾಕಬೇಕು. ಎ ಮೈನರ್ ಸೆವೆನ್ ಬಂದರೆ ಎ ಡೋರಿಯನ್, ಡಿ ಸೆವೆನ್ ಬಂದರೆ ಡಿ ಮಿಕ್ಸೊಲಿಡಿಯನ್. ಸ್ಪೀಡ್ ಜಾಸ್ತಿ ಮಾಡಿಕೊಂಡು ದಿನಾ ಒಂದು ಗಂಟೆ ಹೊಡೆಯಿರಿ, ತಾನಾಗಿ ಬರುತ್ತದೆ. ಹಿನ್ನೆಲೆ ವಾದ್ಯ ನುಡಿಸುವ ಬ್ಯಾಕಿಂಗ್ ಟ್ರ್ಯಾಕ್ ಆ್ಯಪ್ ಹಾಕಿಕೊಳ್ಳಿ.

ಹಿಂದೆ ನಿಂತ ಬೇಸ್:

ತುಮಕೂರಿನವರೇ, ಕೋಪ ಮಾಡಿಕೊಳ್ಳಬೇಡಿ, ನಾನು ಒಪ್ಪುವುದಿಲ್ಲ. ಕಾರಣ ಹೇಳುತ್ತೇನೆ.

ಮೊದಲು ನನ್ನ ಪರಿಚಯ. ಊರು ಹಾಸನ. ನ್ಯೂಜೆರ್ಸಿಗೆ ಬಂದು 22 ವರ್ಷ. ಡಬಲ್ ಬೇಸ್ (ಮಂದ್ರ ಸ್ವರದ ದೊಡ್ಡ ತಂತಿವಾದ್ಯ) ನುಡಿಸುತ್ತೇನೆ, ವಾರದ ದಿನ ಬೇರೆ ಕೆಲಸ. ಬೇಸ್‌ನವನು ಸೋಲೊದವರ ಬೆನ್ನ ಹಿಂದೆ ನಿಂತಿರುತ್ತಾನೆ. ಅವರ ಮುಖ ಕಾಣುವುದಿಲ್ಲ, ಕಿವಿ ಹೇಗಿದೆ ಅನ್ನುವುದು ಮಾತ್ರ ಗೊತ್ತಾಗುತ್ತದೆ. ಆಲ್ಟೊ ಸಾಹೇಬರೇ, ನಿಮ್ಮಂಥವರ ಹಿಂದೆ ನಾನು ತುಂಬ ಸಲ ನಿಂತಿದ್ದೇನೆ. ಕರ್ನಾಟಕ ಸಂಗೀತ ಕಲಿತವರೇ ಆಗಬೇಕಿಲ್ಲ, ಪುಸ್ತಕದಿಂದ ಜಾಝ್ ಕಲಿತ ಇಲ್ಲಿನ ಹುಡುಗರೂ ಹೀಗೇ ಊದುತ್ತಾರೆ.

ಆಟಮ್ ಲೀವ್ಸ್‌ನ ಮೊದಲ ಎಂಟು ಬಾರ್ ತೆಗೆದುಕೊಳ್ಳಿ. ನಿಮ್ಮ ಆಲ್ಟೊ ಲೆಕ್ಕದಲ್ಲೇ ಹೇಳುತ್ತೇನೆ: ಎ ಮೈನರ್ ಸೆವೆನ್, ಡಿ ಸೆವೆನ್, ಜಿ ಮೇಜರ್, ಸಿ ಮೇಜರ್, ಎಫ್ ಶಾರ್ಪ್ ಹಾಫ್ ಡಿಮಿನಿಶ್ಡ್, ಬಿ ಸೆವೆನ್, ಕೊನೆಗೆ ಇ ಮೈನರ್ ಎರಡು ಬಾರ್. ಈಗ ಪ್ರತಿ ಕಾರ್ಡ್‌ಗೂ ಒಂದು ಮೋಡ್ ಹಚ್ಚಿ. ಎ ಡೋರಿಯನ್, ಡಿ ಮಿಕ್ಸೊಲಿಡಿಯನ್, ಜಿ ಅಯೋನಿಯನ್, ಸಿ ಲಿಡಿಯನ್, ಎಫ್ ಶಾರ್ಪ್ ಲೋಕ್ರಿಯನ್. ಹೆಸರು ಐದು, ಸ್ವರ ಅವೇ ಏಳು! ಎಲ್ಲವೂ ಜಿ ಮೇಜರ್ ಸ್ಕೇಲೇ. ಅಂದರೆ ಐದು ಬಾರ್ ಉದ್ದಕ್ಕೂ ನೀವು ಒಂದೇ ಡಬ್ಬಿಯಿಂದ ಕಾಳು ತೆಗೆದು ಚೆಲ್ಲುತ್ತಿದ್ದೀರಿ, ಡಬ್ಬಿ ಮೇಲಿನ ಚೀಟಿ ಮಾತ್ರ ಬದಲಾಗುತ್ತಿದೆ. ಅದಕ್ಕೇ ತಪ್ಪು ಸ್ವರ ಇಲ್ಲ, ಮಾತೂ ಇಲ್ಲ.

ನಿಮಗೆ ಗೊತ್ತಿರುವ ಭಾಷೆಯಲ್ಲಿ ಹೇಳುತ್ತೇನೆ. ಇ ಅನ್ನು ಷಡ್ಜ ಮಾಡಿಕೊಳ್ಳಿ. ಇಡೀ ಎಂಟು ಬಾರ್ ಹೆಚ್ಚುಕಮ್ಮಿ ನಟಭೈರವಿ ರಾಗ. ಬಿ ಸೆವೆನ್ ಬರುವ ಒಂದೇ ಒಂದು ಬಾರ್‌ನಲ್ಲಿ ಕೈಶಿಕಿ ನಿಷಾದ ಹೋಗಿ ಅರ್ಧ ಸ್ವರ ಮೇಲಿನ ಕಾಕಲಿ ನಿಷಾದ ಬರುತ್ತದೆ, ಕೀರವಾಣಿ ರಾಗದ ಹಾಗೆ. ಸ್ವರಗಳ ವಿಷಯ ಇಷ್ಟೇ. ಹತ್ತು ನಿಮಿಷದ ಕೆಲಸ.

ಕಷ್ಟ ಇರುವುದು ಬೇರೆ ಕಡೆ. ನಿಮ್ಮ ತಂಬೂರಿ ಎಲ್ಲೂ ಹೋಗುವುದಿಲ್ಲ. ಮೂರು ಗಂಟೆ ಕಚೇರಿ ಮಾಡಿದರೂ ಷಡ್ಜ ಪಂಚಮ ಅಲ್ಲೇ ಕೂತಿರುತ್ತವೆ. ನೀವು ಎಲ್ಲಿಗೆ ಹೋದರೂ ಮನೆ ಇದ್ದಲ್ಲೇ ಇದೆ. ಇಲ್ಲಿ ನಾನು ಹಿಂದೆ ನಿಂತು ಪ್ರತಿ ಬಾರ್‌ಗೂ ನಿಮ್ಮ ಕಾಲ ಕೆಳಗಿನ ಚಾಪೆ ಎಳೆಯುತ್ತಿರುತ್ತೇನೆ. ಎ ಇಂದ ಡಿ, ಡಿ ಇಂದ ಜಿ, ಜಿ ಇಂದ ಸಿ. ನಿಮ್ಮ ಕಿವಿ ಇನ್ನೂ ಒಂದೇ ಚಾಪೆ ಮೇಲೆ ಕೂತಿದೆ.

ಅದಕ್ಕೆ ಇವತ್ತು ರಾತ್ರಿ ಒಂದು ಕೆಲಸ ಮಾಡಿ. ನಿಧಾನದ ಟ್ರ್ಯಾಕ್ ಹಾಕಿ, ಎಂಟೂ ಬಾರ್‌ಗೆ ಬರೀ ಪಂಚಮ ಊದಿ. ಬಿ ಒಂದೇ ಸ್ವರ. ಗಮಕ ಬೇಡ, ಸ್ವರ ಅಲುಗಿಸಬೇಡಿ, ಉಸಿರು ತೆಗೆದುಕೊಂಡು ಮತ್ತೆ ಅದೇ. ಎ ಮೈನರ್ ಮೇಲೆ ಅದು ಒಂಬತ್ತನೇ ಸ್ವರ, ಸ್ವಲ್ಪ ದೂರದಲ್ಲಿ ನಿಂತ ಹಾಗೆ. ಜಿ ಮೇಜರ್ ಬಂದ ಕೂಡಲೇ ಅದೇ ಸ್ವರ ಮೂರನೇದಾಗಿ ಸಿಹಿ ಆಗುತ್ತದೆ. ಸಿ ಮೇಲೆ ಏಳನೇದು, ಒಂಥರಾ ನೆನಪಾಗುವ ಹಾಗೆ. ಬಿ ಸೆವೆನ್ ಮೇಲೆ ಅದೇ ಮೂಲ, ಕಲ್ಲಿನ ಹಾಗೆ ಕೂರುತ್ತದೆ. ಇ ಮೈನರ್‌ಗೆ ಬಂದಾಗ ನಿಮಗೆ ಗೊತ್ತಿರುವ ಹಳೇ ಪಂಚಮ. ನೀವು ಬೆರಳು ಅಲ್ಲಾಡಿಸಿಲ್ಲ, ಆದರೂ ಒಂದೇ ಸ್ವರಕ್ಕೆ ಏಳು ಬಣ್ಣ ಬಂತು. ಇದು ಕೇಳಿಸುವ ತನಕ ಮುಂದೆ ಹೋಗಬೇಡಿ. ನನಗೆ ಕೇಳಿಸಲು ಮೂರು ವಾರ ಬೇಕಾಯಿತು, ನನ್ನ ಕಿವಿ ಸ್ವಲ್ಪ ದಪ್ಪ.

ಅದಾದ ಮೇಲೆ ಈ ಸಾಲು: ದ ದ ಪ ಪ ಮ ಮ ಗ ಗ. ಒಂದೊಂದು ಬಾರ್‌ಗೆ ಒಂದೊಂದು ಸ್ವರ. ಅಷ್ಟೇ. ಪ್ರತಿ ಕಾರ್ಡ್‌ನ ಮೂರನೇ ಅಥವಾ ಏಳನೇ ಸ್ವರದ ಮೇಲೇ ಬೀಳುತ್ತೀರಿ. ಎ ಮೈನರ್‌ಗೆ ಧೈವತ ಮೂರನೇದು, ಅದೇ ಧೈವತ ಡಿ ಸೆವೆನ್‌ಗೆ ಏಳನೇದು, ಒಂದು ಮೆಟ್ಟಿಲು ಇಳಿದರೆ ಜಿ ಮೇಜರ್‌ನ ಮೂರನೇದು. ಪಿಯಾನೊ ನಿಲ್ಲಿಸಿ, ಬೇಸ್ ನಿಲ್ಲಿಸಿ, ಈ ಎಂಟು ಸ್ವರ ಮಾತ್ರ ಊದಿದರೂ ಕೇಳುವವರಿಗೆ 'ಓ, ಆಟಮ್ ಲೀವ್ಸ್' ಅನ್ನಿಸಬೇಕು. ಈ ಮೆಟ್ಟಿಲಿನ ಸುತ್ತ ಬಳ್ಳಿ ಹಬ್ಬಿಸುವುದೇ ನಿಮ್ಮ ಮನೋಧರ್ಮದ ಕೆಲಸ. ಅದು ನಿಮಗೆ ಈ ಊರಿನ ಹುಡುಗರಿಗಿಂತ ಚೆನ್ನಾಗಿ ಬರುತ್ತದೆ.

ಆ್ಯಪ್ ವಿಷಯ. ಟ್ರ್ಯಾಕ್ ಬೇಡ ಅನ್ನುವುದಿಲ್ಲ. ಜೇಮಿ ಏಬರ್ಸೋಲ್ಡ್ ಅನ್ನುವ ಜಾಝ್ ಶಿಕ್ಷಕರು 1967ರಿಂದಲೇ ಅಂಥ ರೆಕಾರ್ಡ್ ತರುತ್ತಿದ್ದರು. ಅದರಲ್ಲಿ ಒಂದು ಒಳ್ಳೇ ವ್ಯವಸ್ಥೆ ಇತ್ತು: ಸ್ಟೀರಿಯೊದ ಒಂದು ಕಡೆ ಬೇಸ್, ಇನ್ನೊಂದು ಕಡೆ ಪಿಯಾನೊ. ಪಿಯಾನೊ ಕಡೆ ಮುಚ್ಚಿ ಬರೀ ಬೇಸ್ ಜೊತೆ ಊದಿ, ಕಿವಿ ಬೇಗ ಏಳುತ್ತದೆ. (ಬೇಸ್‌ನವನು ಬೇಸ್ ಅಂದೇ ಹೇಳುತ್ತಾನೆ, ಇರಲಿ.) ಆದರೆ ಟ್ರ್ಯಾಕ್ ನಿಮ್ಮನ್ನು ಕೇಳಿಸಿಕೊಳ್ಳುವುದಿಲ್ಲ. ನೀವು ಸುಮ್ಮನಾದರೂ ಅದು ಹಾಗೇ ಓಡುತ್ತದೆ. ಮನುಷ್ಯರು ಹಾಗಲ್ಲ.

ಇನ್ನು ಸಮ ತಪ್ಪಿದ್ದು. ಅದಕ್ಕೆ ನಾಚಿಕೆ ಬೇಡ. ನ್ಯೂಯಾರ್ಕಿನ ಹಾರ್ಲೆಮ್‌ನ ಒಂದು ಕಡೆ ನಾನೇ, ಬೇಸ್ ನುಡಿಸುವವನೇ, ಮೂರನೇ ಸುತ್ತಿನಲ್ಲಿ ಎಂಟು ಬಾರ್ ಹಾರಿಸಿಬಿಟ್ಟೆ. ಮುಂದೆ ನಿಂತಿದ್ದ ಇಬ್ಬರು ಸ್ಯಾಕ್ಸ್‌ನವರು ಒಟ್ಟಿಗೇ ಹಿಂದೆ ತಿರುಗಿ ನೋಡಿದರು. ಆ ನೋಟ ಇನ್ನೂ ನೆನಪಿದೆ. ಆ ರಾತ್ರಿ ಪಿಯಾನೊದಲ್ಲಿದ್ದ ವಯಸ್ಸಾದ ಹೆಂಗಸು ಬ್ರೇಕ್‌ನಲ್ಲಿ ಬಂದು ಕೇಳಿದ್ದು ಒಂದೇ ಪ್ರಶ್ನೆ: ಹಾಡು ಒಳಗೆ ಓಡುತ್ತಿತ್ತಾ? ಓಡುತ್ತಿರಲಿಲ್ಲ. ನಾನು ಬಾರ್ ಎಣಿಸುತ್ತಿದ್ದೆ. ಬೆರಳೆಣಿಕೆಯಲ್ಲಿ ಇಡೀ ಹಾಡಿನ 32 ಬಾರ್ ಹಿಡಿಯಲು ಆಗುವುದಿಲ್ಲ. ನೀವು ಸೋಲೊ ಊದುವಾಗಲೂ ಮೂಲ ಹಾಡು ಒಳಗೆ ಸಣ್ಣಗೆ ಓಡುತ್ತಿರಬೇಕು, ನೆರವಲ್ ಮಾಡುವಾಗ ಸಾಹಿತ್ಯದ ಸಾಲು ಒಳಗೆ ಇರುತ್ತದಲ್ಲ, ಹಾಗೆ.

ಲೀ ಕೊನಿಟ್ಸ್ ಅಂತ ಒಬ್ಬರು ಆಲ್ಟೊದವರು ಇದ್ದರು, 2020ರಲ್ಲಿ ತೀರಿಕೊಂಡರು. ಅವರು ಕಲಿಸುತ್ತಿದ್ದ ದಾರಿ ನಿಮಗೆ ಹೇಳಿ ಮಾಡಿಸಿದ ಹಾಗಿದೆ. ಮೊದಲ ಸುತ್ತು ಬರೀ ಹಾಡು. ಎರಡನೇ ಸುತ್ತು ಹಾಡೇ, ಒಂದೆರಡು ಸ್ವರ ಸೇರಿಸಿ. ಮೂರನೇ ಸುತ್ತು ಇನ್ನಷ್ಟು. ಹೀಗೆ ಹೋಗಿ ಹೋಗಿ ಕೊನೆಗೆ ಹಾಡು ಪೂರ್ತಿ ಹೊಸದಾಗುತ್ತದೆ. ಇದಕ್ಕೆ ನಮ್ಮಲ್ಲಿ ಹೆಸರೇ ಇದೆ, ಸಂಗತಿ! ಪಲ್ಲವಿಯ ಒಂದೇ ಸಾಲಿಗೆ ಎಂಟು ಸಂಗತಿ ಹಾಕುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ?

ಕೊನಿಟ್ಸ್ ಅವರ ಗುರು ಲೆನ್ನಿ ಟ್ರಿಸ್ಟಾನೊ. ಅವರು ಶಿಷ್ಯರಿಗೆ ವಾದ್ಯ ಮುಟ್ಟುವ ಮೊದಲು ರೆಕಾರ್ಡ್ ಜೊತೆ ಸೋಲೊ ಹಾಡಲು ಹೇಳುತ್ತಿದ್ದರು. ಟೆನರ್ ಸ್ಯಾಕ್ಸೊಫೋನಿನ ಲೆಸ್ಟರ್ ಯಂಗ್ ಸೋಲೊಗಳನ್ನು, ಉಸಿರು ಎಲ್ಲಿ ತೆಗೆದಿದ್ದಾರೋ ಅಲ್ಲೇ ಉಸಿರು ತೆಗೆದು. ಚಾರ್ಲಿ ಪಾರ್ಕರ್ ಕಥೆ ನಿಮಗೆ ಗೊತ್ತಿರಬಹುದು. ಕ್ಯಾನ್ಸಸ್ ಸಿಟಿಯ ಜಾಮ್‌ನಲ್ಲಿ ಹುಡುಗ ಎಡವಿದಾಗ ಡ್ರಮ್ಸ್ ನುಡಿಸುತ್ತಿದ್ದ ಜೋ ಜೋನ್ಸ್ ಅವನ ಕಾಲ ಬಳಿ ಸಿಂಬಲ್ ಎಸೆದರು ಅನ್ನುವುದು. ಎಲ್ಲರೂ ಆ ಸಿಂಬಲ್ ಸದ್ದಿಗೇ ಕಥೆ ನಿಲ್ಲಿಸುತ್ತಾರೆ. ನನಗೆ ಬೇಕಾದದ್ದು ಅದರ ನಂತರದ್ದು: 1937ರ ಬೇಸಿಗೆಯಲ್ಲಿ ಓಝಾರ್ಕ್ ಬೆಟ್ಟದ ಕಡೆ ಕೆಲಸಕ್ಕೆ ಹೋದಾಗ ಕೌಂಟ್ ಬೇಸಿ ಬ್ಯಾಂಡಿನ ರೆಕಾರ್ಡ್ ಜೊತೆಗಿಟ್ಟುಕೊಂಡು ಲೆಸ್ಟರ್ ಯಂಗ್ ಸೋಲೊ ಪೂರ್ತಿ ಕಲಿತು ಬಂದ. ನಿಮಗೂ ಸಿಂಬಲ್ ಸಿಕ್ಕಿದೆ (ನಗುತ್ತಾ ಕೊಟ್ಟಿದ್ದಾನೆ, ಪುಣ್ಯ). ಇನ್ನು ಬೇಸಿಗೆ ಹುಡುಕಿಕೊಳ್ಳಿ.

ನಿಮಗೆ ಒಂದೇ ರೆಕಾರ್ಡ್ ಸಾಕು. 1958ರ 'ಸಮ್‌ಥಿಂಗ್ ಎಲ್ಸ್'. ಅದರಲ್ಲಿ ಇದೇ ಹಾಡು ಇದೆ, ಟ್ರಂಪೆಟ್ ಮೈಲ್ಸ್ ಡೇವಿಸ್, ಆಲ್ಟೊ ನಿಮ್ಮ ಕ್ಯಾನನ್‌ಬಾಲ್. ಆಲ್ಟೊ ಸೋಲೊದ ಮೊದಲ ಎಂಟು ಬಾರ್ ಹಾಡಲು ಬರುವ ತನಕ ವಾದ್ಯ ಪೆಟ್ಟಿಗೆಯಲ್ಲೇ ಇರಲಿ.

ಮದ್ದಳೆ ಸದ್ದು:

ನನಗೆ ಜಾಝ್ ಗೊತ್ತಿಲ್ಲ. ಆದರೆ ಬಂಟ್ವಾಳದವರು ಅಂದಿರಲ್ಲ, ತಾಳಮದ್ದಳೆಗೆ ಕೂತಿಲ್ಲವೇ ನೀವು?

ಪ್ರಸಂಗ ಎಲ್ಲರಿಗೂ ಗೊತ್ತು. ಭಾಗವತರು ಪದ ಹೇಳುತ್ತಾರೆ. ಆ ಪದದ ಮೇಲೆ ಅರ್ಥಧಾರಿ ಆ ಕ್ಷಣಕ್ಕೆ ಮಾತು ಕಟ್ಟಬೇಕು. ಬಾಯಿಪಾಠ ಮಾಡಿಕೊಂಡು ಬಂದ ಅರ್ಥಧಾರಿ ಹೇಗೆ ಸಿಕ್ಕಿಬೀಳುತ್ತಾನೆ ನೋಡಿದ್ದೀರಲ್ಲ? ಎದುರಿನ ಕೃಷ್ಣ ಒಂದು ಅಡ್ಡ ಪ್ರಶ್ನೆ ಹಾಕಿದರೆ ಸಾಕು. ಕೌರವ ಉತ್ತರ ಕೊಡುವುದಿಲ್ಲ, ತಾನು ಕಲಿತು ಬಂದ ಭಾಷಣವನ್ನೇ ಮುಂದುವರಿಸುತ್ತಾನೆ. ಸಭೆಗೆ ಕೂಡಲೇ ಗೊತ್ತಾಗುತ್ತದೆ. ಹಿಂದಿನ ಸಾಲಿನ ಅಜ್ಜಂದಿರು ಎದ್ದು ಚಾ ಕುಡಿಯಲು ಹೋಗುತ್ತಾರೆ.

ಬೇಸ್‌ನವರು ಹೇಳಿದ್ದು ನನಗೆ ಅರ್ಥ ಆದದ್ದು ಇಷ್ಟು: ನೀವು ಭಾಷಣ ಮಾಡಿ ಬಂದಿರಿ, ಸಂವಾದ ಮಾಡಲಿಲ್ಲ.

ಬಂಟ್ವಾಳದ ಆಲ್ಟೊ:

ಮದ್ದಳೆ ಸದ್ದು, ನೀವು ಹೇಳಿದ್ದು ನೇರ ಎದೆಗೆ ಬಂತು. ನನ್ನ ದೊಡ್ಡಪ್ಪ ಅರ್ಥ ಹೇಳುತ್ತಿದ್ದರು. ಎದುರಿನವರು ಮಾತಾಡುವಾಗ ಕಣ್ಣು ಮುಚ್ಚಿ ಕೂರುತ್ತಿದ್ದರು, ನಿದ್ದೆ ಅಂದುಕೊಳ್ಳುತ್ತಿದ್ದೆ.

ಬೇಸ್ ಸರ್, ಪಂಚಮದ ಪ್ರಯೋಗ ನಾಲ್ಕು ದಿನ ಮಾಡಿದೆ. ಮೊದಲ ಎರಡು ದಿನ ಏನೂ ಇಲ್ಲ. ಮೂರನೇ ರಾತ್ರಿ ಜಿ ಮೇಜರ್ ಬಂದಾಗ ಅದೇ ಸ್ವರ ತಟ್ಟನೆ ಬೆಚ್ಚಗಾಯಿತು. ನಾನು ಏನೋ ಬದಲಾಯಿಸಿದೆ ಅಂತ ಬೆರಳು ನೋಡಿಕೊಂಡೆ.

ಎರಡು ಅನುಮಾನ. ಒಂದು, ಗಮಕ. ಗಾಂಧಾರ ಬಂದರೆ ಬೆರಳು, ತುಟಿ ತಾನಾಗೇ ಅಲ್ಲಾಡುತ್ತವೆ. ನಿಲ್ಲಿಸಬೇಕಾ? ಎರಡು, ಸ್ವಿಂಗ್, ಅಂದರೆ ಜಾಝ್‌ನ ಆ ತೂಗುವ ಲಯ. ನನ್ನದು ಕವಾಯತು ಮಾಡಿದ ಹಾಗೆ ಕೇಳಿಸುತ್ತದೆ.

ಹಿಂದೆ ನಿಂತ ಬೇಸ್:

ಗಮಕ ಬಿಡಬೇಡಿ. ಡ್ಯೂಕ್ ಎಲಿಂಗ್ಟನ್ ಬ್ಯಾಂಡಿನ ಜಾನಿ ಹಾಡ್ಜಸ್ ಆಲ್ಟೊ ಕೇಳಿ. ಒಂದು ಸ್ವರದಿಂದ ಇನ್ನೊಂದಕ್ಕೆ ಎಣ್ಣೆ ಜಾರಿದ ಹಾಗೆ ಜಾರುತ್ತಾರೆ. ಆದರೆ ಈಗ ಒಂದೆರಡು ತಿಂಗಳು ಆ ಮೆಟ್ಟಿಲಿನ ಸ್ವರಗಳ ಮೇಲೆ ಮಾತ್ರ ಅಲುಗದೆ ನಿಲ್ಲಿ. ಮೂರನೇ ಸ್ವರವೇ ಕಾರ್ಡ್ ಮೇಜರೋ ಮೈನರೋ ಅಂತ ಹೇಳುವುದು. ಅದನ್ನೇ ಅಲ್ಲಾಡಿಸಿದರೆ ಪಿಯಾನೊದವರಿಗೂ ನಿಮಗೂ ಜಗಳ. ನಡುವಿನ ಸ್ವರಗಳಲ್ಲಿ ಏನು ಬೇಕಾದರೂ ಮಾಡಿ.

ಸ್ವಿಂಗ್‌ಗೆ ಮಾತಿನಲ್ಲಿ ಉತ್ತರ ಇಲ್ಲ, ಒಂದು ಉಪಾಯ ಇದೆ. ನಮಗೆ ಸಮದ ಮೇಲೆ ತೊಡೆ ತಟ್ಟಿ ಅಭ್ಯಾಸ. ಮೆಟ್ರೊನೋಮ್ 60ಕ್ಕೆ ಇಡಿ, ಆದರೆ ಅದರ ಟಿಕ್ ಒಂದನೇ ಏಟು ಅಂದುಕೊಳ್ಳಬೇಡಿ, ಎರಡು ಮತ್ತು ನಾಲ್ಕು ಅಂದುಕೊಳ್ಳಿ. ಹಾಡಿನ ವೇಗ 120 ಆಯಿತು. ಒಂದು ಮತ್ತು ಮೂರು ನಿಮ್ಮೊಳಗೆ ಇರಬೇಕು. ಮೊದಲು ವಾದ್ಯ ಇಲ್ಲದೆ, ಅಡುಗೆ ಮನೆಯಲ್ಲಿ ನಡೆಯುತ್ತಾ ಮಾಡಿ. ನನ್ನ ಹೆಂಡತಿ ಇದನ್ನು ನೋಡಿ ಮೊಣಕಾಲು ನೋವಾ ಅಂತ ಕೇಳಿದ್ದಳು.

ಮತ್ತೊಂದು, ಮದ್ದಳೆ ಸದ್ದು ಹೇಳಿದ್ದಕ್ಕೆ ಸೇರಿಸಿ: ಎರಡು ಬಾರ್ ಊದಿ, ಎರಡು ಬಾರ್ ಸುಮ್ಮನಿರಿ. ಸುಮ್ಮನಿರುವಾಗ ಡ್ರಮ್ಸ್ ಏನು ಹೇಳಿತು ಕೇಳಿ. ಆಮೇಲೆ ಊದುವ ಮೊದಲ ಸ್ವರ ಅದಕ್ಕೆ ಉತ್ತರ ಆಗಿರಲಿ.

ಕೀಬೋರ್ಡ್ ತುಮಕೂರು:

ಸರ್, ಡಬ್ಬಿ ಚೀಟಿ ಓದಿ ಕೋಪ ಬಂದಿತ್ತು. ಕೂತು ಲೆಕ್ಕ ಹಾಕಿದೆ, ಹೌದು, ಅವೇ ಏಳು ಸ್ವರ. ಹಾಗಾದರೆ ಮೈಲ್ಸ್‌ನ 'ಸೋ ವಾಟ್'? ಅದು ಮೋಡ್ ಮೇಲೇ ಇರುವುದಲ್ಲವಾ?

ಹಿಂದೆ ನಿಂತ ಬೇಸ್:

ಒಳ್ಳೇ ಪ್ರಶ್ನೆ. ಅಲ್ಲಿ ಮೋಡ್ ಅಂದರೆ ಮೋಡೇ. 1959ರ ಆ ರೆಕಾರ್ಡ್‌ನಲ್ಲಿ 16 ಬಾರ್ ಡಿ ಡೋರಿಯನ್, ಎಂಟು ಬಾರ್ ಇ ಫ್ಲಾಟ್ ಡೋರಿಯನ್, ಮತ್ತೆ ಎಂಟು ಡಿ. ಬಂಟ್ವಾಳದವರಿಗೆ ಹೇಳುವುದಾದರೆ ಖರಹರಪ್ರಿಯ, ನಡುವಿನ ಎಂಟು ಬಾರ್‌ಗೆ ಷಡ್ಜವೇ ಅರ್ಧ ಸ್ವರ ಮೇಲೆ. ತಂಬೂರಿ ಹೆಚ್ಚುಕಮ್ಮಿ ಇದ್ದಲ್ಲೇ ಇದೆ, ಹಾಗಾಗಿ ರಾಗ ಕಲಿತವರು ಅಲ್ಲಿಂದ ಶುರು ಮಾಡಲು ಆಸೆಪಡುತ್ತಾರೆ. ನಾನು ಬೇಡ ಅನ್ನುತ್ತೇನೆ. ಅಲ್ಲಿ ಚಾಪೆ ಎಳೆಯುವವರು ಕಮ್ಮಿ, ನಿಮ್ಮ ಹಳೇ ಅಭ್ಯಾಸ ಹಾಗೇ ಉಳಿಯುತ್ತದೆ.

ಬಂಟ್ವಾಳದ ಆಲ್ಟೊ:

ಏಳು ವಾರ ಆದ ಮೇಲೆ ಬರೆಯುತ್ತಿದ್ದೇನೆ. ನಿನ್ನೆ ಅದೇ ಪಬ್‌ಗೆ ಹೋಗಿದ್ದೆ. ಈ ಸಲ ಪಟ್ಟಿ ಇಲ್ಲ, ಮೊಬೈಲ್ ಜೇಬಿನಲ್ಲಿ.

ಮೊದಲ ಸುತ್ತು ಹಾಡನ್ನೇ ಊದಿದೆ. ಎರಡನೇ ಸುತ್ತು ದ ದ ಪ ಪ ಮ ಮ ಗ ಗ ಸುತ್ತ ಒಂದಿಷ್ಟು. ಬಿ ಭಾಗದಲ್ಲಿ (ಹಾಡಿನ ನಡುವಿನ ಎಂಟು ಬಾರ್) ನಾನೇ ಒಂದು ಕಂಡುಹಿಡಿದೆ ಸರ್. ಅಲ್ಲಿ ಮೈನರ್ ಕಡೆಯದು ಮೊದಲು ಬರುತ್ತದೆ, ಮೇಜರ್ ಕಡೆಯದು ಆಮೇಲೆ. ಹಾಗಾಗಿ ಮೆಟ್ಟಿಲು ಮ ಮ ಗ ಗ ದ ದ ಪ ಪ ಆಗುತ್ತದೆ. ಹೋದ ಸಲ ನಾನು ಕಳೆದುಹೋದದ್ದು ಅಲ್ಲೇ ಅಂತ ಹಳೇ ರೆಕಾರ್ಡಿಂಗ್ ಕೇಳಿದಾಗ ಗೊತ್ತಾಯಿತು. ಎಲ್ಲ ಭಾಗವೂ ಒಂದೇ ಥರ ಅಂದುಕೊಂಡಿದ್ದೆ.

27, 28ನೇ ಬಾರ್‌ನಲ್ಲಿ ಕಾರ್ಡ್‌ಗಳು ಎರಡೆರಡು ಓಡುತ್ತವಲ್ಲ, ಅಲ್ಲಿ ಏನೂ ಹೊಳೆಯಲಿಲ್ಲ. ಸುಮ್ನೆ ನಿಂತೆ. ನಾನು ಬಿಟ್ಟ ಜಾಗದಲ್ಲಿ ಡ್ರಮ್ಸ್ ಹುಡುಗ ಟಕ ಟಕ ಟಕ್ ಅಂತ ಒಂದು ಸಣ್ಣದು ಹಾಕಿದ. ನಾನು ಅದೇ ಲಯವನ್ನು ಪಂಚಮದ ಮೇಲೆ ಊದಿದೆ. ಅವನು ತಿರುಗಿ ನೋಡಿದ, ಈ ಸಲ ನಗಲಿಲ್ಲ, ಇನ್ನೊಂದು ಹಾಕಿದ. ಹಾಗೇ ನಾಲ್ಕು ಬಾರ್ ಹೋಯಿತು. ಮೂರನೇ ಸುತ್ತಿನಲ್ಲಿ ಕೀಲಿ ಒಂದು ಅಂಟಿಕೊಂಡು ಕೀಚ್ ಅಂದಿತು, ಆದರೆ ಸಮಕ್ಕೆ ಎಲ್ಲರ ಜೊತೆಗೇ ಬಂದೆ. ಸ್ವಿಂಗ್ ಇನ್ನೂ ಕವಾಯತೇ.

ಹಿಂದೆ ನಿಂತ ಬೇಸ್:

ರೆಕಾರ್ಡಿಂಗ್ ಕಳಿಸಿ, ಆ ನಾಲ್ಕು ಬಾರ್ ಕೇಳಬೇಕು. ಡಿಸೆಂಬರ್‌ನಲ್ಲಿ ಹಾಸನಕ್ಕೆ ಬರುತ್ತಿದ್ದೇನೆ, ನಡುವೆ ಎರಡು ದಿನ ಬೆಂಗಳೂರು. ಬೇಸ್ ವಿಮಾನದಲ್ಲಿ ತರಲು ಆಗುವುದಿಲ್ಲ. ಆ ಪಬ್‌ನಲ್ಲಿ ಡಬಲ್ ಬೇಸ್ ಇಟ್ಟಿದ್ದಾರಾ, ಇಲ್ಲ ಎಲೆಕ್ಟ್ರಿಕ್ಕಾ? ತಂತಿ ತುಕ್ಕು ಹಿಡಿದಿದ್ದರೂ ಪರವಾಗಿಲ್ಲ, ವಿಚಾರಿಸಿ ಹೇಳಿ.